ಹೆದ್ದಾರಿ ಬದಿಯ ನೀರಾ ಮಳಿಗೆ: ಪಾನನಿರೋಧ ಕೊಟ್ಟ ಮಾತಿನ ರುಚಿ

ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ತೆಂಗು ಬೆಳೆಗಾರರು ಕೂಡಿ ನಡೆಸುತ್ತಿರುವ ಒಂದು ಪುಟ್ಟ ನೀರಾ ಮಳಿಗೆಯಿದೆ. ನೀರಾ ಎಂದರೆ ತೆಂಗು, ಈಚಲಿನಂಥ ಮರಗಳಿಂದ ಇಳಿಸಿದ, ಇನ್ನೂ ಹುಳಿಯದ ಸಿಹಿ ರಸ. ಕಳೆದ ಎರಡು ತಿಂಗಳಲ್ಲಿ ಅಲ್ಲಿಗೆ ಐದು ಸಲ ಹೋಗಿ ಬಂದಿದ್ದೇನೆ; ಮೂರು ಸಲ ಬೆಳಗಿನ ಹೊತ್ತು, ಎರಡು ಸಲ ಸಂಜೆ. ಅಲ್ಲಿ ಸಿಗುವುದು ಮೂರೇ ಪದಾರ್ಥ: ಲೋಟದಲ್ಲಿ ಕೊಡುವ 200 ಮಿಲಿ ತಾಜಾ ನೀರಾ, ಮನೆಗೆ ಒಯ್ಯಲು ಬಾಟಲಿಯಲ್ಲಿ ತುಂಬಿ ಗಟ್ಟಿಯಾಗಿ ಹೆಪ್ಪುಗಟ್ಟಿಸಿದ ನೀರಾ, ಮತ್ತು ನೀರಾ ಕಾಯಿಸಿ ತೆಗೆದ ತೆಂಗಿನ ಸಕ್ಕರೆ. ಈ ಮೂರನ್ನೂ ಕುಡಿದು, ತಿಂದು, ಬೇರೆ ಊರಿನ ನೀರಾದ ಜೊತೆ ಹೋಲಿಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಬರೀ ರುಚಿಯ ಮಾತಾದರೆ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ಆದರೆ ನೀರಾವನ್ನು ಎಳನೀರು, ಕಬ್ಬಿನ ಹಾಲು, ಸೋಡಾಗಳ ಸಾಲಿನಲ್ಲಿ ಇಟ್ಟು ತೂಗುವುದು ನನಗೆ ಸರಿಯೆನಿಸುವುದಿಲ್ಲ. ಪಾನನಿರೋಧದ ಚಳವಳಿ ನಮ್ಮ ದೇಶದಲ್ಲಿ ಮುಚ್ಚಿಸಿದ ಅಂಗಡಿಗಳ ಲೆಕ್ಕ ದೊಡ್ಡದು. ಮುಚ್ಚಿದ್ದಕ್ಕೆ ಬದಲಾಗಿ ಅದು ಜನರ ಕೈಗೆ ಕೊಡುತ್ತೇನೆಂದು ಹೇಳಿದ ಪಾನೀಯ ಬಹುಮಟ್ಟಿಗೆ ಇದೊಂದೇ. ಮರ ಹತ್ತುವವನ ಅನ್ನವೂ ಹೋಗಬಾರದು, ಕುಡಿಯುವವನ ಮನೆಯೂ ಹಾಳಾಗಬಾರದು ಎಂದು ಒಂದು ಮಾತು ಕೊಡಲಾಗಿತ್ತು. ಆದ್ದರಿಂದ ಈ ಲೋಟವನ್ನು ಆ ಮಾತಿನ ಅಳತೆಯಿಂದಲೇ ಅಳೆಯಬೇಕು.

ಮೊದಲು ರುಚಿ. ಬೆಳಿಗ್ಗೆ ಏಳೂವರೆಗೆ ಕುಡಿದ ಮೊದಲ ಲೋಟ ತೆಳುವಾದ ಜೇನಿನ ಬಣ್ಣದಲ್ಲಿತ್ತು. ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಮಸುಕಾಗಿ ಕಾಣುವಷ್ಟು ತಿಳಿ. ಮೂಗಿನ ಹತ್ತಿರ ತಂದಾಗ ಹುಳಿಯ ವಾಸನೆ ಎಳ್ಳಷ್ಟೂ ಇರಲಿಲ್ಲ. ಆಗತಾನೇ ಸಿಗಿದ ಹೊಂಬಾಳೆಯ ಹಸಿ ಪರಿಮಳವಿತ್ತು. ಬಾಯಿಗೆ ಹೋದರೆ ಎಳನೀರಿಗಿಂತ ಹೆಚ್ಚು ಸಿಹಿ, ಕಬ್ಬಿನ ಹಾಲಿಗಿಂತ ಕಡಿಮೆ ಭಾರ, ಕೊನೆಗೆ ನಾಲಿಗೆಯ ಅಂಚಿನಲ್ಲಿ ಒಂದು ಸಣ್ಣ ಉಪ್ಪಿನ ಎಳೆ. ತುಂಬ ತಣ್ಣಗೆ ಕೊಟ್ಟರೆ ಈ ಉಪ್ಪಿನ ಎಳೆ ತಿಳಿಯುವುದಿಲ್ಲವಾದ್ದರಿಂದ ಲೋಟವನ್ನು ಎರಡು ನಿಮಿಷ ಕೈಯಲ್ಲೇ ಹಿಡಿದಿದ್ದು ಕುಡಿಯಿರಿ ಎಂಬುದು ನನ್ನ ಸಲಹೆ. ಬೆಳಗಿನ ಮೂರೂ ಸಲ ಇದೇ ಗುಣ ಸಿಕ್ಕಿತು. ಈ ಒಂದು ವಿಷಯದಲ್ಲಿ ಮಳಿಗೆಯವರನ್ನು ಮನಸಾರೆ ಮೆಚ್ಚಬೇಕು, ಏಕೆಂದರೆ ನೀರಾದಲ್ಲಿ ಒಂದೇ ಗುಣವನ್ನು ಮೂರು ದಿನ ಕಾಯ್ದುಕೊಳ್ಳುವುದು ಸುಲಭದ ಕೆಲಸವಲ್ಲ.

ಅದು ಏಕೆ ಸುಲಭವಲ್ಲ ಎಂಬುದನ್ನು ತಿಳಿಯಲು ಮರದ ಮೇಲೆ ನಡೆಯುವುದನ್ನು ಸ್ವಲ್ಪ ನೋಡಬೇಕು. ತೆಂಗಿನ ಹೊಂಬಾಳೆ ಬಿರಿಯುವ ಮೊದಲೇ ಅದನ್ನು ಹಗ್ಗದಿಂದ ಬಿಗಿದು, ದಿನವೂ ಮೆಲ್ಲಗೆ ತಟ್ಟಿ ಹದ ಮಾಡಿ, ತುದಿಯನ್ನು ಹರಿತವಾದ ಕತ್ತಿಯಿಂದ ಕೂದಲೆಳೆಯಷ್ಟು ಕೆತ್ತುತ್ತಾರೆ. ಕೆಲವು ದಿನಗಳ ಈ ಆರೈಕೆಯ ನಂತರ ರಸ ತೊಟ್ಟಿಕ್ಕಲು ಶುರುವಾಗುತ್ತದೆ; ಒಳ್ಳೆಯ ಮರ ದಿನಕ್ಕೆ ಎರಡು ಲೀಟರಿನ ಆಸುಪಾಸು ಕೊಡುತ್ತದೆ. ಆ ಕ್ಷಣದಲ್ಲಿ ಅದು ನೀರಾ. ಆದರೆ ಗಾಳಿಯಲ್ಲಿ, ಮಡಕೆಯ ಒಳಮೈಯಲ್ಲಿ, ಹೂವಿನ ಮೇಲೆ ಕುಳಿತ ಹುಳುವಿನ ಕಾಲಿನಲ್ಲಿ ಇರುವ ಯೀಸ್ಟ್ ಆ ಕ್ಷಣದಿಂದಲೇ ಸಕ್ಕರೆಯನ್ನು ಮದ್ಯವಾಗಿಸಲು ತೊಡಗುತ್ತದೆ. ಬಿಸಿಲೇರಿದ ಹಾಗೆ ಹುಳಿಯಾಗುತ್ತದೆ, ನೊರೆ ಬರುತ್ತದೆ, ಸಂಜೆಯ ಹೊತ್ತಿಗೆ ಅದು ಕಳ್ಳು. ಇನ್ನೂ ಬಿಟ್ಟರೆ ವಿನೆಗರ್. ಯಾರೂ ಏನನ್ನೂ ಬೆರೆಸಬೇಕಾಗಿಲ್ಲ. ನೀರಾಕ್ಕೂ ಕಳ್ಳಿಗೂ ನಡುವೆ ಇರುವುದು ಕೆಲವು ಗಂಟೆಗಳಷ್ಟೇ.

ಈ ಕೆಲವು ಗಂಟೆಗಳನ್ನು ಹಿಡಿದು ನಿಲ್ಲಿಸಲು ಹಿಂದಿನವರಿಗೆ ಗೊತ್ತಿದ್ದ ಉಪಾಯ ಸುಣ್ಣ. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ಹುಳಿಯುವುದು ನಿಧಾನವಾಗುತ್ತದೆ. ಆದರೆ ರುಚಿಯಲ್ಲಿ ಸುಣ್ಣದ ಒಗರು ಉಳಿಯುತ್ತದೆ. ಈಗಿನ ಉಪಾಯ ಮಂಜುಗಡ್ಡೆ. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟಗಾರಿಕೆ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೊಂಬಾಳೆಯ ತುದಿಗೆ ಕಟ್ಟುವ, ಒಳಗೆ ಮಂಜುಗಡ್ಡೆ ತುಂಬಿದ, ಮುಚ್ಚಿದ ಪೆಟ್ಟಿಗೆಯನ್ನು ರೂಪಿಸಿ, ಅದರಲ್ಲಿ ಇಳಿಸಿದ ರಸಕ್ಕೆ ಕಲ್ಪರಸ ಎಂದು ಹೆಸರಿಟ್ಟರು. ಬರಿಯ ಮಡಕೆಯಲ್ಲಿ ಇಳಿದ ರಸ ಬೆಳ್ಳಗೆ, ಕಲಕಿದ ಹಾಗೆ ಕಾಣುತ್ತದೆ. ತಣ್ಣಗಿನ ಪೆಟ್ಟಿಗೆಯಲ್ಲಿ ಇಳಿದದ್ದು ಜೇನಿನ ಬಣ್ಣದ್ದಾಗಿರುತ್ತದೆ. ಕೊಳ್ಳುವವರು ನೆನಪಿಟ್ಟುಕೊಳ್ಳಬೇಕಾದ ಒಂದೇ ಗುರುತು ಇದು. ತೆಂಗಿನ ನೀರಾ ಹಾಲಿನಂತೆ ಬೆಳ್ಳಗಿದ್ದರೆ ಹುಳಿ ಶುರುವಾಗಿದೆಯೋ ಎಂದು ಮೂಸಿ ನೋಡಿಯೇ ಕುಡಿಯಿರಿ.

ಮಳಿಗೆಯ ಹಿಂದಿನ ತೋಟದಲ್ಲಿ ಮರದಿಂದ ಇಳಿದು ಬಂದಿದ್ದ, ನನಗಿಂತ ಹತ್ತು ವರ್ಷ ಚಿಕ್ಕವರಾದ ಒಬ್ಬರನ್ನು ಮಾತಾಡಿಸಿದೆ. ಅವರ ತಂದೆ ಈಚಲು ಹೆಂಡ ಇಳಿಸುತ್ತಿದ್ದವರು. “ಬಿಸ್ಲು ಏರಿದ್ಮೇಲೆ ಕುಡೀಬ್ಯಾಡಿ ಸಾರ್, ಆಗ್ಲೇ ಅದು ಬೇರೆ ಆಗಿರ್ತದೆ” ಎಂದರು. ಅವರ ಮನೆತನದಲ್ಲಿ ಬಿಟ್ಟುಹೋಗಿದ್ದ ಕೆಲಸವನ್ನು ಅವರು ತರಬೇತಿ ಪಡೆದು ಮತ್ತೆ ಕಲಿತಿದ್ದಾರೆ. ಕತ್ತಿ ಹಿಡಿಯುವ ಅವರ ಕೈಯನ್ನು ನೋಡುತ್ತ ನಿಂತಾಗ ಈ ಬರಹದ ಅರ್ಧ ಭಾಗ ನನ್ನ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು.

ಏಕೆಂದರೆ ಪಾನನಿರೋಧದ ಇತಿಹಾಸವನ್ನು ನಾವು ಬಹುಪಾಲು ಕುಡಿಯುವವರ ಕಡೆಯಿಂದ, ಇಲ್ಲವೇ ಸರ್ಕಾರದ ಬೊಕ್ಕಸದ ಕಡೆಯಿಂದ ಹೇಳಿಕೊಂಡು ಬಂದಿದ್ದೇವೆ. ಮರ ಹತ್ತುವವರ ಕಡೆಯಿಂದ ಹೇಳಿದವರು ಕಡಿಮೆ. ಬ್ರಿಟಿಷರ ಕಾಲದ ಅಬಕಾರಿ ಪದ್ಧತಿ ಹಳ್ಳಿಯ ಮರವನ್ನು ತೆರಿಗೆಯ ಮರವನ್ನಾಗಿ ಮಾಡಿತು. ಮುಂಬಯಿ ಪ್ರಾಂತ್ಯದ 1878ರ ಅಬಕಾರಿ ಕಾಯಿದೆ ಇದರ ಒಂದು ಮುಖ್ಯ ಘಟ್ಟ. ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು, ಹರಾಜು ಹಿಡಿದ ಗುತ್ತಿಗೆದಾರನಿಗೆ ಲಾಭ. ಹೆಚ್ಚು ಜನ ಹೆಚ್ಚು ಕುಡಿದಷ್ಟೂ ಸರ್ಕಾರಕ್ಕೆ ವರಮಾನ. ರಾಷ್ಟ್ರೀಯ ಚಳವಳಿ ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ನಡೆಸಿದ್ದು ಈ ಕಾರಣಕ್ಕೂ ಹೌದು: ಅಂಗಡಿಯ ಬಾಗಿಲು ಮುಚ್ಚಿದರೆ ಮನೆಯ ನೆಮ್ಮದಿಯ ಜೊತೆಗೆ ಪರಕೀಯ ಆಡಳಿತದ ಆದಾಯಕ್ಕೂ ಪೆಟ್ಟು.

ಆ ಪೆಟ್ಟು ಎಷ್ಟೋ ಕಡೆ ಮರಗಳ ಮೇಲೆಯೇ ಬಿತ್ತು. 1921ರಲ್ಲಿ ಈರೋಡಿನಲ್ಲಿ ಪೆರಿಯಾರ್ ರಾಮಸ್ವಾಮಿಯವರು ತಮ್ಮ ತೋಟದ ಐನೂರಕ್ಕೂ ಹೆಚ್ಚು ತೆಂಗಿನ ಮರಗಳನ್ನು ಕಡಿಸಿಹಾಕಿದರೆಂಬುದು ಪ್ರಸಿದ್ಧ. ನಮ್ಮಲ್ಲಿಯೇ, ಈ ಹೆದ್ದಾರಿಯಲ್ಲಿ ಇನ್ನೂ ಮುಂದಕ್ಕೆ ಹೋದರೆ ಸಿಗುವ ಚಿತ್ರದುರ್ಗದ ಸೀಮೆಯ ತುರುವನೂರಿನಲ್ಲಿ, 1939ರಲ್ಲಿ ಎಸ್. ನಿಜಲಿಂಗಪ್ಪನವರ ನೇತೃತ್ವದಲ್ಲಿ ಜನ ಕೊಡಲಿ ಹಿಡಿದು ಹೆಂಡದ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ನಡೆಸಿದರು. ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಉರುಳಿದ ಪ್ರತಿ ಮರದ ಹಿಂದೆ ಅದನ್ನೇ ನಂಬಿದ್ದ ಒಂದು ಕುಟುಂಬವೂ ಇತ್ತಲ್ಲವೇ ಎಂಬ ಪ್ರಶ್ನೆ, ಆ ಮರ ಹತ್ತುವವರ ಜೊತೆ ಮಾತಾಡಿದಾಗಿನಿಂದ ನನ್ನನ್ನು ಬಿಟ್ಟಿಲ್ಲ.

ಈ ಪ್ರಶ್ನೆಯನ್ನು ಮರ ಹತ್ತುವವರ ಒಳಗಿನಿಂದಲೇ ಎತ್ತಿದವರು ನಾರಾಯಣ ಗುರುಗಳು. ಕೇರಳದಲ್ಲಿ ಕಳ್ಳು ಇಳಿಸುವುದೇ ಕಸುಬಾಗಿದ್ದವರು ಬಹಳಿದ್ದ ಈಳವ ಸಮುದಾಯದಲ್ಲಿ ಹುಟ್ಟಿದ ಅವರು, ಮದ್ಯ ವಿಷ, ಅದನ್ನು ತಯಾರಿಸಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ತಮ್ಮವರಿಗೇ ಹೇಳಿದರು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದ ಗುರುಗಳ ಮಾತನ್ನು ಮೂರ್ತೆ, ಅಂದರೆ ಕಳ್ಳು ಇಳಿಸುವ, ಕೆಲಸದ ಬಿಲ್ಲವರೂ ಕೇಳಿಸಿಕೊಂಡರು. ಹೊರಗಿನವನು ಬಂದು ನಿನ್ನ ಕಸುಬು ಬಿಡು ಎನ್ನುವುದಕ್ಕೂ, ಮನೆಯ ಹಿರಿಯನು ಬಾ, ನಾವೆಲ್ಲ ಬೇರೆ ದಾರಿ ಹುಡುಕೋಣ ಎನ್ನುವುದಕ್ಕೂ ಬಹಳ ಅಂತರವಿದೆ.

ಬೇರೆ ದಾರಿಯ ಹುಡುಕಾಟದಲ್ಲಿ ಬಂದದ್ದೇ ನೀರಾ. ಗಾಂಧೀಜಿ ಮದ್ಯದ ವಿಷಯದಲ್ಲಿ ಎಷ್ಟು ಕಠಿಣವಾಗಿದ್ದರೆಂದರೆ, ಒಂದು ಗಂಟೆಯ ಮಟ್ಟಿಗೆ ದೇಶದ ಸರ್ವಾಧಿಕಾರ ತಮಗೆ ಸಿಕ್ಕರೆ ಮೊದಲು ಮಾಡುವ ಕೆಲಸ ಪರಿಹಾರವನ್ನೂ ಕೊಡದೆ ಹೆಂಡದಂಗಡಿಗಳನ್ನೆಲ್ಲ ಮುಚ್ಚಿಸುವುದು ಎಂದು ಬರೆದಿದ್ದರು. ಅದೇ ಮಾತಿನಲ್ಲಿ ಗುಜರಾತಿನ ಹೆಂಡದ ಮರಗಳನ್ನೂ ನಾಶಮಾಡಿಸುತ್ತೇನೆ ಎಂದಿದ್ದ ಗಾಂಧೀಜಿ ಮುಂದೆ ಮರಗಳ ಮೇಲಿನ ಆ ಮುನಿಸನ್ನು ಬಿಟ್ಟರು. ಹುಳಿಯದ ರಸ ಕುಡಿಯಲು ಯೋಗ್ಯವಾದದ್ದು, ಕುಡಿದು ಮಿಕ್ಕಿದ್ದನ್ನು ಕಾಯಿಸಿದರೆ ಬೆಲ್ಲ, ಆ ಬೆಲ್ಲದಿಂದ ಮರ ಹತ್ತುವವನ ಮನೆ ನಡೆಯಬಹುದು ಎಂಬುದು ಅವರ ಲೆಕ್ಕ. 1934ರ ಕೊನೆಯಲ್ಲಿ ವಾರ್ಧಾದಲ್ಲಿ ಹುಟ್ಟಿದ, ಜೆ. ಸಿ. ಕುಮಾರಪ್ಪನವರು ಮುನ್ನಡೆಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಕೆಲಸಗಳಲ್ಲಿ ತಾಳೆ ಬೆಲ್ಲವೂ ಸೇರಿತ್ತು. ದಕ್ಷಿಣ ಕನ್ನಡದಲ್ಲಿ ಬಾಣಂತಿಯರಿಗೆ ಕೊಡುವ ಓಲೆ ಬೆಲ್ಲವನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣಿಸಲಿಕ್ಕಿಲ್ಲ. ಹಳೆಯದನ್ನೇ ಒಂದು ದೇಶದ ಯೋಜನೆಯನ್ನಾಗಿ ಮಾಡಹೊರಟದ್ದು ಹೊಸತು.

ಯೋಜನೆಯ ಮೊದಲ ದೊಡ್ಡ ಪರೀಕ್ಷೆ ಮದ್ರಾಸ್ ಪ್ರಾಂತ್ಯದಲ್ಲಿ ನಡೆಯಿತು. 1937ರ ಅಕ್ಟೋಬರ್ 1ರಂದು ರಾಜಾಜಿಯವರ ಸರ್ಕಾರ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದಿತು; ಹೋದ ಅಬಕಾರಿ ವರಮಾನವನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ತಂದಿತು. ಇಂದು ನಾವು ಕೊಳ್ಳುವ ಪ್ರತಿ ವಸ್ತುವಿನ ಮೇಲೆ ಕೊಡುವ ತೆರಿಗೆಯ ಮೂಲದಲ್ಲಿ ಹೆಂಡದಂಗಡಿ ಮುಚ್ಚಿದ ಒಂದು ಸರ್ಕಾರದ ಲೆಕ್ಕಾಚಾರವಿದೆ ಎಂಬುದನ್ನು ತಿಳಿದಾಗ ನಾನು ಬಹಳ ಹೊತ್ತು ಯೋಚಿಸಿದ್ದೆ. 1948ರ ಅಕ್ಟೋಬರ್ 2ರ ಹೊತ್ತಿಗೆ ಪಾನನಿರೋಧ ಇಡೀ ಪ್ರಾಂತ್ಯಕ್ಕೆ, ಅಂದರೆ ಆಗ ಅದರೊಳಗೇ ಇದ್ದ ಮಂಗಳೂರು, ಬಳ್ಳಾರಿಗಳಿಗೂ ಹಬ್ಬಿತು. ಬೆಲ್ಲಕ್ಕಾಗಿ ಸಿಹಿ ರಸ ಇಳಿಸಲು ಅಲ್ಲಿ ಪರವಾನಗಿಯಿತ್ತು. ಮುಂಬಯಿ ಪ್ರಾಂತ್ಯದಲ್ಲಿ 1949ರ ಕಾಯಿದೆಯಂತೆ 1950ರ ಏಪ್ರಿಲ್‌ನಿಂದ ಪೂರ್ಣ ಪಾನನಿರೋಧ ಬಂತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಆಗ ಆ ಪ್ರಾಂತ್ಯದ ಭಾಗ. ಹೊಸ ಸಂವಿಧಾನದ 47ನೆಯ ವಿಧಿಯೂ ಅದೇ ದಿಕ್ಕನ್ನು ತೋರಿಸಿತ್ತು.

ಮುಂಬಯಿ ಪ್ರಾಂತ್ಯದ ಆ ಕಾಲದ ಒಂದು ಉಳಿಕೆ ಇಂದಿಗೂ ಕುಡಿಯಲು ಸಿಗುತ್ತದೆ. ಪುಣೆಯಲ್ಲಿ ಮಗಳ ಮನೆಗೆ ಹೋದಾಗಲೆಲ್ಲ ನಾನು ಅಲ್ಲಿನ ನೀರಾ ಕೇಂದ್ರಗಳಲ್ಲಿ ಒಂದಕ್ಕೆ ಹೋಗುತ್ತೇನೆ. ಅಲ್ಲಿನದು ಹೆಚ್ಚಾಗಿ ಈಚಲು, ತಾಳೆ ಮರಗಳ ರಸ. ಬಣ್ಣ ಬಿಳುಪು, ಸಿಹಿ ತೆಂಗಿನದಕ್ಕಿಂತ ತುಸು ತೀಕ್ಷ್ಣ, ಒಂದು ಹೊಗೆಯಾಡಿದಂಥ ವಾಸನೆ. ರುಚಿಯೊಂದನ್ನೇ ನೋಡಿದರೆ ನಮ್ಮ ಹೆದ್ದಾರಿಯ ನೀರಾಕ್ಕೆ ನನ್ನ ಮತ. ಆದರೆ ಪುಣೆಯ ಕೇಂದ್ರದಲ್ಲಿ ನಾನು ಕಂಡದ್ದು ಇಲ್ಲಿ ಕಾಣಲಿಲ್ಲ: ಬೆಳಗಿನ ಪಾಳಿಗೆ ಹೊರಟ ಕೂಲಿಯವರು, ತರಕಾರಿ ಗಾಡಿಯವರು, ಓಟ ಮುಗಿಸಿ ಬಂದ ಕಾಲೇಜಿನ ಹುಡುಗರು ಒಟ್ಟಿಗೆ ನಿಂತು ಒಂದೊಂದು ಲೋಟ ಕುಡಿದು, ಬಾಯಿ ಒರೆಸಿಕೊಂಡು ಹೋಗುತ್ತಿದ್ದರು. ನೀರಾ ಅಲ್ಲಿ ದಿನದ ಅಭ್ಯಾಸ. ಯಾರೂ ಅದರ ಜೊತೆ ಫೋಟೊ ತೆಗೆದುಕೊಳ್ಳುತ್ತಿರಲಿಲ್ಲ.

ನಮ್ಮಲ್ಲಿ ಆ ಅಭ್ಯಾಸ ಬೆಳೆಯಲು ಸಮಯವೇ ಸಿಗಲಿಲ್ಲ. 1956ರಲ್ಲಿ ಒಂದಾದ ರಾಜ್ಯದಲ್ಲಿ ಕೆಲವು ಜಿಲ್ಲೆಗಳಲ್ಲಿ ನಿಷೇಧ, ಕೆಲವು ಕಡೆ ಇಲ್ಲ ಎಂಬ ಸ್ಥಿತಿಯಿತ್ತು. ತುರುವನೂರಿನಲ್ಲಿ ಕೊಡಲಿ ಎತ್ತಿದ್ದ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1960ರ ದಶಕದಲ್ಲಿಯೇ ಮೈಸೂರು ರಾಜ್ಯ ಪಾನನಿರೋಧವನ್ನು ಕೈಬಿಟ್ಟಿತು. ಇದನ್ನು ಅವರೊಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಕಳ್ಳಬಟ್ಟಿಯ ಸಾವುಗಳು, ಪಕ್ಕದ ಊರಿನಿಂದ ಬರುವ ಸಾರಾಯಿ, ಖಾಲಿಯಾದ ಬೊಕ್ಕಸ ಬಹುಪಾಲು ರಾಜ್ಯಗಳನ್ನು ಒಂದಲ್ಲ ಒಂದು ದಿನ ಅದೇ ಬಾಗಿಲಿಗೆ ತಂದು ನಿಲ್ಲಿಸಿದವು. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಮದ್ಯಕ್ಕೆ ಬಾಗಿಲು ತೆರೆದಾಗ ನೀರಾಕ್ಕೂ ತೆರೆಯಬಹುದಿತ್ತು. ತೆರೆಯಲಿಲ್ಲ. ಅಬಕಾರಿ ಕಾಯಿದೆಯ ಕಣ್ಣಿಗೆ ಮರದಿಂದ ಇಳಿದ ರಸವೆಲ್ಲ, ಹುಳಿತಿರಲಿ ಹುಳಿಯದಿರಲಿ, ಒಂದೇ ಆಗಿತ್ತು. ಬಾಟಲಿಯ ವಿಸ್ಕಿ ಮಾರಲು ಸನ್ನದು ಸಿಗುತ್ತಿದ್ದ ರಾಜ್ಯದಲ್ಲಿ ರೈತನು ತನ್ನ ತೋಟದ ತೆಂಗಿನಿಂದ ಮಕ್ಕಳೂ ಕುಡಿಯಬಹುದಾದ ಸಿಹಿ ರಸ ಇಳಿಸಿದರೆ ಅಪರಾಧಿಯಾಗುತ್ತಿದ್ದ.

ಇದರ ಬೆಲೆಯನ್ನು ಪ್ರಾಣದಿಂದ ತೆತ್ತವರಿದ್ದಾರೆ. 1990ರ ದಶಕದ ಕೊನೆಗೆ ತೆಂಗಿಗೆ ನುಸಿಪೀಡೆ ಬಂದು, ಕಾಯಿ ಸಣ್ಣದಾಗಿ, ಕೊಬ್ಬರಿ ಬೆಲೆ ಬಿದ್ದಾಗ, ಕಾಯಿ ಬಿಡದ ಮರದಿಂದ ನೀರಾ ಇಳಿಸಲಾದರೂ ಬಿಡಿ ಎಂದು ರೈತ ಸಂಘ ಬೀದಿಗಿಳಿಯಿತು. 2001ರಲ್ಲಿ ಚನ್ನಪಟ್ಟಣ ತಾಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಮುಂದೆ ಬಹಳ ವರ್ಷಗಳ ಮೇಲೆ ರಾಜ್ಯದ ಕಾನೂನು ನೀರಾವನ್ನು ಕಳ್ಳಿನಿಂದ ಬೇರೆಯಾಗಿ ಕಂಡಿತು, ಬೆಳೆಗಾರರ ಕಂಪನಿಗಳಿಗೆ ಪರವಾನಗಿ ಕೊಡಲು ಒಪ್ಪಿತು. ಹೆದ್ದಾರಿಯ ಈ ಮಳಿಗೆಯ ಗೋಡೆಯ ಮೇಲೆ ನೀರಾದ ಗುಣಗಳ ದೊಡ್ಡ ಫಲಕವಿದೆ. ವಿಠಲೇನಹಳ್ಳಿಯ ಹೆಸರು ಒಂದು ಮೂಲೆಯಲ್ಲಾದರೂ ಇರಬೇಕಿತ್ತು.

ಆ ಫಲಕದ ಬಗ್ಗೆ ಒಂದು ಗಂಭೀರ ಆಕ್ಷೇಪವೂ ಇದೆ. ಸಕ್ಕರೆ ಕಾಯಿಲೆಯವರೂ ನಿಶ್ಚಿಂತೆಯಿಂದ ಕುಡಿಯಬಹುದು ಎಂದು ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದಾರೆ. ನೂರು ಮಿಲಿ ನೀರಾದಲ್ಲಿ ಸುಮಾರು 12ರಿಂದ 15 ಗ್ರಾಂ ಸಕ್ಕರೆ ಇರುತ್ತದೆ. ಅಂದರೆ ಒಂದು ಲೋಟಕ್ಕೆ ಐದಾರು ಚಮಚ. ಅದರಲ್ಲಿ ಪೊಟ್ಯಾಸಿಯಂ ಮುಂತಾದ ಖನಿಜಗಳೂ ಅಮೈನೊ ಆಮ್ಲಗಳೂ ಇರುವುದು ನಿಜ, ಬಣ್ಣದ ಸೋಡಾಕ್ಕಿಂತ ಇದು ಎಷ್ಟೋ ಮೇಲು ಎಂಬುದೂ ನಿಜ. ಆದರೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರುವ ನನ್ನ ಹೆಂಡತಿಗೆ ಆ ಫಲಕವನ್ನು ನಂಬಿ ಒಂದು ಲೋಟ ಕುಡಿಸುವ ಧೈರ್ಯ ನನಗೆ ಬರಲಿಲ್ಲ, ಬರಬಾರದು ಕೂಡ. ಕುಡಿತದ ಕೇಡನ್ನು ನಿಲ್ಲಿಸಲು ಹುಟ್ಟಿದ ಪಾನೀಯವನ್ನು ಮಾರುವವರು ಆರೋಗ್ಯದ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು ಪ್ರಾಮಾಣಿಕರಾಗಿರಬೇಕು.

ಇನ್ನು ಸಂಜೆಯ ಎರಡು ಭೇಟಿಗಳು. ಮೊದಲ ಸಂಜೆ ಸಿಕ್ಕಿದ್ದು ಸರಿಯಾಗಿಯೇ ಇತ್ತು. ಎರಡನೆಯ ಸಂಜೆ, ಏಪ್ರಿಲ್ ಬಿಸಿಲಿನ ಒಂದು ದಿನ, ಲೋಟದ ಅಂಚಿನಲ್ಲಿ ಸಣ್ಣ ನೊರೆ ಕಂಡಿತು. ಒಂದು ಗುಟುಕಿಗೇ ಹುಳಿ ತಿಳಿಯಿತು. ಕೊಡುತ್ತಿದ್ದ ಹುಡುಗಿ ಪಾಪ, ಬೆಳಿಗ್ಗೆಯಿಂದ ವಿದ್ಯುತ್ ಮೂರು ಸಲ ಹೋಗಿ ಬಂದಿದೆ ಎಂದು ಹೇಳಿ ಹಣ ಹಿಂದಿರುಗಿಸಿದಳು. ಅವಳ ನಡತೆಯಲ್ಲಿ ದೋಷವಿಲ್ಲ. ಆದರೆ ಇದು ಸಣ್ಣ ಸಂಗತಿಯೂ ಅಲ್ಲ. ಬೇರೆ ಅಂಗಡಿಯಲ್ಲಿ ಹಾಲು ಒಡೆದರೆ ಒಡೆದ ಹಾಲು. ಇಲ್ಲಿ ತಂಪು ತಪ್ಪಿದರೆ ಲೋಟದಲ್ಲಿರುವುದು ಮದ್ಯದ ಕಡೆಗೆ ಹೊರಟ ರಸ. ಕುಡಿತ ಬಿಟ್ಟು ಆರು ತಿಂಗಳಾದ ಒಬ್ಬ ಮನುಷ್ಯ, ಇದರಲ್ಲಿ ಅದಿಲ್ಲ ಎಂದು ನಂಬಿ ಆ ಲೋಟವನ್ನು ಎತ್ತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನನಗೆ ನಿಜವಾಗಿ ಭಯವಾಯಿತು. ಮಳಿಗೆಗೆ ಇನ್ವರ್ಟರ್ ಅಥವಾ ಮಂಜುಗಡ್ಡೆಯ ದೊಡ್ಡ ಪೆಟ್ಟಿಗೆ ಅತ್ಯಗತ್ಯ.

ಬಾಟಲಿಯ ನೀರಾವನ್ನು ಕಲ್ಲಿನಂತೆ ಹೆಪ್ಪುಗಟ್ಟಿಸಿ ಕೊಡುತ್ತಾರೆ. ಮನೆಗೆ ತಂದು, ಕರಗಿಸಿ ಕುಡಿದಾಗ ಸಿಹಿ ಹಾಗೆಯೇ ಇತ್ತು, ಹೊಂಬಾಳೆಯ ಪರಿಮಳ ಮಾತ್ರ ಅರ್ಧವಾಗಿತ್ತು. ಅರ್ಧ ಕರಗಿದಾಗ ಕುಡಿಯಬೇಡಿ. ಮೊದಲು ಕರಗುವುದು ಸಕ್ಕರೆ ಹೆಚ್ಚಿರುವ ಭಾಗವಾದ್ದರಿಂದ ಗಂಟಲು ಕಟ್ಟುವಷ್ಟು ಸಿಹಿಯಾಗಿ, ಉಳಿದದ್ದು ಬರೀ ನೀರಾಗುತ್ತದೆ. ಹಾಗಾದರೆ ಕಾಯಿಸಿ ಸೀಲು ಮಾಡಬಾರದೇ ಎಂದು ಕೇಳಬಹುದು. ದ್ರಾಕ್ಷಿಯಲ್ಲಿ ಅದು ಸಾಧ್ಯವಾಯಿತು: ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ ಥಾಮಸ್ ವೆಲ್ಚ್ ಎಂಬ ದಂತವೈದ್ಯ, ಚರ್ಚಿನ ಪ್ರಸಾದಕ್ಕೆ ಮದ್ಯದ ಬದಲು ಹುಳಿಯದ ರಸ ಬೇಕೆಂದು 1869ರಲ್ಲಿ ದ್ರಾಕ್ಷಿರಸವನ್ನು ಬಿಸಿಮಾಡಿ ಬಾಟಲಿಯಲ್ಲಿ ಕೆಡದಂತೆ ಇಟ್ಟ. ಅಲ್ಲಿನ ಪಾನನಿರೋಧ ಚಳವಳಿಗೆ ಅದರಿಂದ ಮನೆಮನೆಯ ಮೇಜಿನ ಮೇಲೆ ಇಡಬಹುದಾದ ಒಂದು ಪಾನೀಯ ಸಿಕ್ಕಿತು. ನೀರಾವನ್ನು ಹಾಗೆ ಕಾಯಿಸಿದರೆ ಕುಡಿಯುವುದಕ್ಕೆ ಬೆಲ್ಲದ ನೀರಿನ ರುಚಿ ಬರುತ್ತದೆ. ಬಿಸಿ ಮಾಡಿ ಪ್ಯಾಕ್ ಮಾಡಿದ ನೀರಾಗಳನ್ನು ಬೇರೆ ಕಡೆ ಕುಡಿದಿದ್ದೇನೆ. ಈ ಮಳಿಗೆಯವರು ಆ ದಾರಿ ಹಿಡಿಯದಿರುವುದು ಒಳ್ಳೆಯದೇ ಆಯಿತು.

ತೆಂಗಿನ ಸಕ್ಕರೆ ಈ ಮಳಿಗೆಯ ಅತ್ಯುತ್ತಮ ಸರಕು. ಕಂದು ಬಣ್ಣ, ಒಣಗಿದ ಮರಳಿನಂಥ ಹರಳು, ಹುರಿದ ಎಳ್ಳಿನ ನೆನಪು ತರುವ ಪರಿಮಳ. ಕಾಫಿಗೆ ಹೊಂದುತ್ತದೆ; ಗಸಗಸೆ ಪಾಯಸಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಒಂದು ಕಿಲೋ ಸಕ್ಕರೆಗೆ ಏಳೆಂಟು ಲೀಟರ್ ನೀರಾ ಬೇಕಾಗುವುದರಿಂದ ಬೆಲೆ ಜಾಸ್ತಿ, ಅದನ್ನು ಒಪ್ಪಬಹುದು. ಕೆಡದೆ ಉಳಿಯುವ, ದೂರ ಸಾಗಿಸಬಹುದಾದ ಈ ರೂಪವೇ ಮರ ಹತ್ತುವವರ ಮನೆಗೆ ವರ್ಷವಿಡೀ ಆದಾಯ ತರಬಲ್ಲದು.

ಬೆಲೆಯ ಮಾತಿಗೆ ಬಂದರೆ ಲೋಟದ ನೀರಾದ ಬಗ್ಗೆ ನಾನು ಅಷ್ಟು ಉದಾರವಾಗಿರಲಾರೆ. ಲೋಟಕ್ಕೆ ಐವತ್ತು ರೂಪಾಯಿ. ಐದು ಭೇಟಿಗಳಲ್ಲಿ ಅಲ್ಲಿ ನಿಂತು ಕುಡಿದವರೆಲ್ಲ ಕಾರಿನಿಂದ ಇಳಿದವರು. ಎದುರು ಬದಿಯಲ್ಲಿ ಸೇತುವೆ ಕೆಲಸ ಮಾಡುತ್ತಿದ್ದ ಕೂಲಿಯವರಲ್ಲಿ ಒಬ್ಬರೂ ರಸ್ತೆ ದಾಟಿ ಬರಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಅಂಗಡಿ ಮುಚ್ಚಿದ ಊರುಗಳಲ್ಲಿ ಅದರ ಜಾಗಕ್ಕೆ ನೀರಾ ಬರಲಿಲ್ಲ, ಅಗ್ಗದ ವಿಸ್ಕಿ, ಬ್ರಾಂಡಿಯ ಸಣ್ಣ ಪ್ಯಾಕೆಟ್ಟುಗಳು ಬಂದವು. ಇಂದು ಅಬಕಾರಿಯಿಂದ ರಾಜ್ಯಕ್ಕೆ ಬರುವ ವರಮಾನ ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿ ದಾಟಿದೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರು ನಡೆದು ಬಂದರು. ದಿನದ ಕೂಲಿ ಬಿಟ್ಟು, ಕಾಲಲ್ಲಿ ಬೊಬ್ಬೆ ಎದ್ದರೂ ನಿಲ್ಲದೆ ನಡೆದವರು. ಗಂಡನ, ಮಗನ ಕುಡಿತವನ್ನು ಮನೆಯೊಳಗೆ ಪ್ರತಿ ರಾತ್ರಿ ಕಂಡವರು. ಆ ಹೆಂಗಸರ ಮನೆಗಳಿಗೆ ಈ ಲೋಟ ತಲುಪಬೇಕಾದರೆ ಅದರ ಬೆಲೆ ಒಂದು ಕಪ್ ಚಹಾದ ಹತ್ತಿರಕ್ಕೆ ಇಳಿಯಬೇಕು. ಬೆಳೆಗಾರರ ಸಂಘ ಒಂದೇ ಅದನ್ನು ಮಾಡಲಾರದು; ಮದ್ಯದ ವರಮಾನದಲ್ಲಿ ಒಂದು ಸಣ್ಣ ಪಾಲನ್ನು ನೀರಾದ ತಂಪು ಪೆಟ್ಟಿಗೆಗಳಿಗೆ, ಮರ ಹತ್ತುವವರ ವಿಮೆಗೆ, ಕೆಲಸದ ಸ್ಥಳಗಳ ಬಳಿ ಮಳಿಗೆಗಳಿಗೆ ಸರ್ಕಾರ ತೆಗೆದಿಡಬೇಕು. ಅದು ಕೃಪೆಯಲ್ಲ, ಹಳೆಯ ಬಾಕಿ.

ಹೋಗಬಯಸುವವರಿಗೆ: ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ. ಬಣ್ಣ ನೋಡಿ, ಮೂಸಿ, ಆಮೇಲೆ ಕುಡಿಯಿರಿ. ಮಕ್ಕಳಿಗೆ ಅರ್ಧ ಲೋಟ ಸಾಕು. ಬಾಟಲಿ ಕೊಳ್ಳುವುದಾದರೆ ಮಂಜುಗಡ್ಡೆಯ ಡಬ್ಬ ಜೊತೆಗಿರಲಿ. ಸಕ್ಕರೆಯನ್ನು ಮರೆಯದೆ ತನ್ನಿ. ನಾನು ನಾಲ್ಕನೆಯ ಭೇಟಿಯಲ್ಲಿ ಅಲ್ಲಿನ ಅಭಿಪ್ರಾಯದ ಪುಸ್ತಕದಲ್ಲಿ ಮೂರು ವಿಷಯ ಬರೆದಿಟ್ಟು ಬಂದಿದ್ದೆ: ಫಲಕದಿಂದ ಸಕ್ಕರೆ ಕಾಯಿಲೆಯ ಸಾಲನ್ನು ಅಳಿಸಿ, ವಿದ್ಯುತ್ ಹೋದಾಗ ಮಾರಾಟ ನಿಲ್ಲಿಸಿ, ಪ್ರತಿ ದಿನ ರಸ ಇಳಿಸಿದ ಹೊತ್ತನ್ನು ಗಿರಾಕಿಗಳಿಗೆ ಕಾಣುವಂತೆ ಬರೆಯಿರಿ. ಕಳೆದ ಭಾನುವಾರ ಹೋದಾಗ ಫಲಕ ಹಾಗೆಯೇ ಇತ್ತು. ಆದರೆ ಅದರ ಕೆಳಗೆ ಒಂದು ಸಣ್ಣ ಕರಿಹಲಗೆ ತೂಗುಹಾಕಿ, ಸೀಮೆಸುಣ್ಣದಲ್ಲಿ, ಇಳಿಸಿದ ಸಮಯ ಬೆಳಿಗ್ಗೆ 6.10 ಎಂದು ಬರೆದಿದ್ದರು. ಅದರ ಪಕ್ಕದಲ್ಲಿ, ನಾನು ಕೇಳದೇ ಇದ್ದರೂ, ಆ ದಿನ ಮರ ಹತ್ತಿದವರ ಹೆಸರೂ ಇತ್ತು.